ಮದುಮಗನ ಉಡುಪು, ಜೊತೆಗಾರರ ಉಡುಪು

ಮದುವೆ ಜವಳಿ ತೆಗೆಯಲು ಹೊರಟವರ ಹೊತ್ತೆಲ್ಲ ಸೀರೆಗೇ ಹೋಗುತ್ತದೆ. ಧಾರೆ ಸೀರೆಯ ಅಂಚು, ಸೆರಗು, ಬಣ್ಣ ಎಲ್ಲ ತೀರ್ಮಾನವಾಗಿ, ಅಂಗಡಿಯವನು ಬಿಲ್ಲು ಬರೆಯುವಾಗ ಯಾರೋ ನೆನಪಿಸುತ್ತಾರೆ: “ಹುಡುಗನಿಗೂ ಒಂದು ಪಂಚೆ, ಶಲ್ಯ ಕೊಡಿ.” ಹೀಗೆ ಕೊನೆಗಳಿಗೆಯಲ್ಲಿ ತಂದ ಪಂಚೆಯೇ ಧಾರೆಯ ಹೊತ್ತಿಗೆ ಜಾರುವುದು.

ಆ ದಿನ ಮದುಮಗ ಏನೇನು ಮಾಡಬೇಕು ಎಂದು ಮೊದಲು ನೋಡಿ, ಬಟ್ಟೆ ಆಮೇಲೆ ನೋಡಿ. ಹಳೇ ಮೈಸೂರು ಕಡೆಯ ಮದುವೆಯನ್ನೇ ತೆಗೆದುಕೊಳ್ಳೋಣ. ಇಲ್ಲಿ ಆರತಕ್ಷತೆ ಹೆಚ್ಚಾಗಿ ಹಿಂದಿನ ಸಂಜೆಯೇ ನಡೆಯುತ್ತದೆ. ಅಲ್ಲಿ ನಿಂತು ಕೈಮುಗಿಯುವುದು, ಫೋಟೋಗೆ ನಗುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಸೂಟಾಗಲಿ ಶೇರ್ವಾನಿಯಾಗಲಿ ನಡೆಯುತ್ತದೆ. ಶೇರ್ವಾನಿ ನಿಂತು ಓಡಾಡುವವರ ಬಟ್ಟೆ. 19ನೇ ಶತಮಾನದಲ್ಲಿ ಲಖನೌ, ಹೈದರಾಬಾದಿನಂಥ ಊರುಗಳ ಗಣ್ಯರಲ್ಲಿ ಬಳಕೆಗೆ ಬಂದದ್ದು. ಮರುದಿನ ಬೆಳಗಿನ ಮಾತೇ ಬೇರೆ. ಕೊಡೆ, ಕೋಲು ಹಿಡಿದು ಕಾಶಿಯಾತ್ರೆಗೆ ಹೊರಡಬೇಕು, ಹಸೆಮಣೆಯ ಮೇಲೆ ಚಕ್ಕಲಮಕ್ಕಲ ಹಾಕಿ ಗಂಟೆಗಟ್ಟಲೆ ಕೂರಬೇಕು, ಅಂತರಪಟ ಸರಿದೊಡನೆ ಕೈಯೆತ್ತಿ ಹುಡುಗಿಯ ತಲೆಗೆ ಜೀರಿಗೆ ಬೆಲ್ಲ ಹಾಕಬೇಕು, ಹೋಮದ ಸುತ್ತ ಬರಬೇಕು, ಸಪ್ತಪದಿ ತುಳಿಯಬೇಕು. ಇಷ್ಟಕ್ಕೂ ಒಗ್ಗುವ ಉಡುಪೆಂದರೆ ಕಚ್ಚೆ ಪಂಚೆಯೇ. ಬಿಗಿ ಚೂಡಿದಾರದಲ್ಲಿ ಹಸೆಮಣೆಗೆ ಕೂತ ಹುಡುಗ ಹತ್ತು ನಿಮಿಷಕ್ಕೊಮ್ಮೆ ಕಾಲು ಬದಲಿಸುವುದನ್ನು ಯಾವ ಛತ್ರದಲ್ಲಾದರೂ ನೋಡಬಹುದು.

ಅಂಗಡಿಯಲ್ಲಿ ಬರಿದೇ ‘ರೇಷ್ಮೆ ಪಂಚೆ’ ಎಂದು ಕೇಳಿದರೆ ಸಾಲದು, ಅಳತೆ ಹೇಳಬೇಕು. ಕಚ್ಚೆಗೆ ಬೇಕಾದ್ದು 9-5ರ ಜೋಡಿ: ಒಂಬತ್ತು ಮೊಳದ ಪಂಚೆ, ಐದು ಮೊಳದ ಶಲ್ಯ. ಮೊಳಕ್ಕೆ ಸುಮಾರು 45 ಸೆಂಟಿಮೀಟರ್ ಹಿಡಿದರೆ ಪಂಚೆ ನಾಲ್ಕು ಮೀಟರಿನಷ್ಟಾಯಿತು. ಎತ್ತರದ, ಮೈಕಟ್ಟಿನ ಹುಡುಗನಿಗೆ ಇದಕ್ಕೂ ಉದ್ದದ್ದು ಬೇಕಾದೀತು. ನಾಲ್ಕು ಮೊಳದ್ದು ಸುತ್ತು ಪಂಚೆ. ಅದರಲ್ಲಿ ಕಚ್ಚೆ ಹಾಕಲಾಗದು. ಉಡಲು ಬಾರದವರಿಗೆ ಹೊಲಿದ ಪಂಚೆ, ಅಂಟುಪಟ್ಟಿಯ ಪಂಚೆ ಸಿಗುತ್ತವೆ, ನಾಚಿಕೆ ಪಡಬೇಕಾಗಿಲ್ಲ. ಆದರೂ ಮದುವೆಗೆ ಮುಂಚೆ ಮನೆಯಲ್ಲಿ ಎರಡು ಮೂರು ಸಲ ಉಟ್ಟು, ಕೂತು ಎದ್ದು ನೋಡುವುದು ಲೇಸು. ಕಾವೇರುವ ವೈಶಾಖದ ಮುಹೂರ್ತಕ್ಕಂತೂ ಮೈಮೇಲೆ ಶಲ್ಯ ಅಥವಾ ತೆಳು ಹತ್ತಿಯ ಜುಬ್ಬಕ್ಕಿಂತ ಹೆಚ್ಚಿನದು ಬೇಡ.

ಬಟ್ಟೆಯ ಜಾತಿ ನೋಡುವುದು ಅಂದಕ್ಕಷ್ಟೇ ಅಲ್ಲ. ‘ಆರ್ಟ್ ಸಿಲ್ಕ್’ ಎಂದು ಮಾರುವುದು ಕೃತಕ ನೂಲು, ಹಲವು ಬಾರಿ ಪಾಲಿಯೆಸ್ಟರ್. ಬೆಂಕಿಯ ಬಿಸಿಗೆ ಪಾಲಿಯೆಸ್ಟರ್ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಹೋಮದ ಪಕ್ಕ ಕೂರುವವನಿಗೆ ಅದು ಸಲ್ಲದು. ಅಂಚಿನಿಂದ ಒಂದೆರಡು ಎಳೆ ತೆಗೆದು ಸುಟ್ಟು ನೋಡಿ: ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ, ಪಾಲಿಯೆಸ್ಟರ್ ಆದರೆ ಗಟ್ಟಿ ಉಂಡೆ ಕಟ್ಟುತ್ತದೆ. ಅಂಗಡಿಯಲ್ಲಿ ಸುಡಲು ಬಿಡಲಾರರು. ಅದಕ್ಕೇ ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ತಂದ ‘ಸಿಲ್ಕ್ ಮಾರ್ಕ್’ ಚೀಟಿ ಇದೆಯೇ ಎಂದು ಕೇಳಿ. ಅದು ರೇಷ್ಮೆಗೆ ಮಾತ್ರ ಖಾತರಿ, ಜರಿಗಲ್ಲ. ಅಪ್ಪಟ ಜರಿಯಲ್ಲಿ ಬೆಳ್ಳಿ ಇರುತ್ತದೆ, ಅಗ್ಗದ್ದರಲ್ಲಿ ಇರುವುದಿಲ್ಲ. ಬೆಲೆಯ ಅಂತರ ಹೆಚ್ಚಾಗಿ ಅಲ್ಲಿಯೇ.

ಅರಿಸಿನ ಶಾಸ್ತ್ರಕ್ಕೆ ಹಳೆಯ ಹತ್ತಿ ಪಂಚೆ ಸಾಕು. ಕಲೆಯಾದರೆ ಗಾಬರಿಯಿಂದ ಸಾಬೂನು ತಿಕ್ಕುತ್ತಾರೆ; ಕ್ಷಾರ ತಗುಲಿದ ಅರಿಸಿನ ಕೆಂಪಾಗುತ್ತದೆ. ಒಗೆದು ಬಿಸಿಲಿಗೆ ಹರವಿದರೆ ಆ ಹಳದಿ ತಾನಾಗಿ ಮಸುಕಾಗುತ್ತದೆ.

ಪೇಟ ಸಿದ್ಧವಾಗಿ ಸಿಗುತ್ತದೆ, ಕಟ್ಟುವವರೂ ಸಿಗುತ್ತಾರೆ. ಸಿದ್ಧ ಪೇಟ ಕೊಳ್ಳುವುದಾದರೆ ಹುಬ್ಬಿನ ಮೇಲಿನಿಂದ ತಲೆಯ ಸುತ್ತಳತೆ ತೆಗೆದು ಹೋಗಿ. ಬೆಂಡಿನ ಬಾಸಿಂಗ ಕಟ್ಟುವ ಮನೆತನವಾದರೆ ಎರಡನ್ನೂ ಒಟ್ಟಿಗೆ ಕಟ್ಟಿ ನೋಡಿ, ಬಿಗಿಯಾದರೆ ತಲೆನೋವು ಖಂಡಿತ.

ಇನ್ನು ಜೊತೆಗಾರರು. ಮದುಮಗನ ಜೊತೆಗಾರ ಸಿನಿಮಾದಿಂದ ಬಂದವನೆಂದು ನಗುವವರಿದ್ದಾರೆ, ನಮ್ಮಲ್ಲೇ ಅವನಿಗೆ ಹಳೆಯ ಸ್ಥಾನವಿದೆ. ಕೊಡವರಲ್ಲಿ ಮದುಮಗನ ಜೊತೆ ಬೋಜಕಾರ ಇರುತ್ತಾನೆ. ಅಲ್ಲಿ ಉಡುಪೇ ಯಾರು ಯಾರೆಂದು ಹೇಳುತ್ತದೆ: ಮದುಮಗನದು ಕುಪ್ಯ ಎಂಬ ಬಿಳಿ ನಿಲುವಂಗಿ, ಉಳಿದ ಗಂಡಸರದು ಕಪ್ಪು, ನಡುವಿಗೆ ಕೆಂಪು ರೇಷ್ಮೆಯ ಚೇಲೆ, ಅದರಲ್ಲಿ ಪೀಚೆಕತ್ತಿ. ಇಷ್ಟು ಸ್ಪಷ್ಟವಾದ ಏರ್ಪಾಡನ್ನು ಯಾವ ವಸ್ತ್ರವಿನ್ಯಾಸಕನೂ ಸುಧಾರಿಸಲಾರ. ಮಂಗಳೂರಿನ ಕಥೊಲಿಕರಲ್ಲಿ ಇಂಥವನಿಗೆ ದೆಡೊ ಎನ್ನುತ್ತಾರೆ. ಇಗರ್ಜಿಯಲ್ಲಿ ಈಗ ಸೂಟಿನದೇ ರೂಢಿ. ಅದಕ್ಕೆ ಮೊದಲಿನ ರೋಸ್ ಶಾಸ್ತ್ರದಲ್ಲಿ ತೆಂಗಿನ ಹಾಲಿನ ಅಭ್ಯಂಜನವಾದ್ದರಿಂದ ಒಗೆದರೆ ಚೊಕ್ಕಟವಾಗುವ ಹತ್ತಿಬಟ್ಟೆ ಬೇಕು. ಹೋಮವಿರುವ ಮದುವೆಗಳಲ್ಲಿ ಲಾಜಹೋಮದ ಅರಳು ಹಾಕಲು ಹುಡುಗಿಯ ಅಣ್ಣನೋ ತಮ್ಮನೋ ಬೆಂಕಿಯ ಬಳಿಗೆ ಬರುತ್ತಾನೆ. ಅವನಿಗೂ ಒಂದು ಪಂಚೆ ತೆಗೆಯುವುದನ್ನು ಮರೆಯಬೇಡಿ. ಮರೆಯುವ ಹೆಸರು ಸಾಮಾನ್ಯವಾಗಿ ಅವನದೇ.

ಗೆಳೆಯರೆಲ್ಲ ಒಂದೇ ಬಣ್ಣದಲ್ಲಿ ಮಿಂಚುವ ಆಸೆಯಿದ್ದರೆ ಅರಿವೆಯನ್ನು ಒಂದೇ ಥಾನಿನಿಂದ ಕತ್ತರಿಸಿಕೊಳ್ಳಿ. ಒಂದೇ ಬಣ್ಣವೆಂದು ಬೇರೆ ಬೇರೆ ದಿನ ತಂದದ್ದು ಬೇರೆ ಬೇರೆ ಬಾರಿ ಬಣ್ಣಕ್ಕದ್ದಿದ್ದಾಗಿದ್ದರೆ ದೀಪದ ಬೆಳಕಿನಲ್ಲಿ ಅಂತರ ಎದ್ದು ಕಾಣುತ್ತದೆ. ನನ್ನನ್ನು ಕೇಳಿದರೆ ಬಿಳಿ ಪಂಚೆ, ಬಿಳಿ ಅಂಗಿ ಎಲ್ಲರ ಬಳಿಯೂ ಇರುತ್ತವೆ. ಒಂದೇ ಬಣ್ಣದ ಶಲ್ಯವೊಂದನ್ನು ಮದುಮಗ ಹಂಚಿದರಾಯಿತು. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬದ ಹುಡುಗರಿಂದ ದುಬಾರಿ ಕುರ್ತಾ ಕೊಳ್ಳಿಸುವುದು ಗೆಳೆತನವಲ್ಲ.

ದುಡ್ಡು ಹಿಡಿತದಲ್ಲಿರಬೇಕೆಂದರೆ ಶೇರ್ವಾನಿಯನ್ನು ಬಾಡಿಗೆಗೆ ತನ್ನಿ, ರೇಷ್ಮೆ ಪಂಚೆಯನ್ನು ಕೊಳ್ಳಿ. ಶೇರ್ವಾನಿ ಆ ಒಂದು ಸಂಜೆಗಾಯಿತು. ಪಂಚೆ ಗೃಹಪ್ರವೇಶಕ್ಕೂ ಮಕ್ಕಳ ನಾಮಕರಣಕ್ಕೂ ಬರುತ್ತದೆ.