ಬಲಿಷ್ಠ ಕಾರಿನ ಗೇರುಪೆಟ್ಟಿಗೆಗೆ ಎಂಥ ಎಣ್ಣೆ?

ಎತ್ತಿನ ಬಂಡಿಯನ್ನು ದೂರದ ಪ್ರಯಾಣಕ್ಕೆ ಹೂಡುವ ಮೊದಲು ಅದರ ಅಚ್ಚಿಗೆ ಕೀಲೆಣ್ಣೆ ಹಾಕುವುದನ್ನು ನಮ್ಮ ವಾಚಕರಲ್ಲಿ ಹಿರಿಯರಾದವರು ಕಂಡಿರುತ್ತಾರೆ. ಹೇರು ಹೆಚ್ಚಿದಷ್ಟೂ ಎಣ್ಣೆಯು ಮಂದವಾಗಿರಬೇಕೆಂಬುದು ಅಲ್ಲಿ ಸಹಜವಾಗಿ ತೋರುವ ಮಾತು. ನಿಧಾನವಾಗಿ ತಿರುಗುವ ಅಚ್ಚಿನ ಮಟ್ಟಿಗೆ ಆ ಮಾತು ಸರಿಯೂ ಹೌದು. ಆದರೆ ಅದೇ ನಿಯಮವನ್ನು ಮುನ್ನೂರು ಅಶ್ವಶಕ್ತಿಯ ಮೋಟಾರು ಕಾರಿನ ಗೇರುಪೆಟ್ಟಿಗೆಗೆ ಅನ್ವಯಿಸಹೊರಟರೆ ಏನಾದೀತು?

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಭೌತವಿಜ್ಞಾನವನ್ನು ಓದಿ, ಈಗ ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ ಉದ್ಯೋಗದಲ್ಲಿರುವ ತರುಣರೊಬ್ಬರು ಕಳೆದ ಚಳಿಗಾಲದಲ್ಲಿ ನಮಗೊಂದು ಪತ್ರ ಬರೆದಿದ್ದರು. ಅವರು ೨೦೦೨ರ ಶೆವ್ರೊಲೆ ಕಮಾರೊ ಕಾರೊಂದನ್ನು ಹಳೆಯದಾಗಿ ಕೊಂಡಿದ್ದರು. ೩೧೦ ಅಶ್ವಶಕ್ತಿಯ ಎಂಜಿನು. ಕೈಯಿಂದ ಬದಲಾಯಿಸುವ ಆರು ಗೇರುಗಳ ಪೆಟ್ಟಿಗೆ. ಪೆಟ್ಟಿಗೆಯ ಎಣ್ಣೆಯನ್ನು ಬಸಿದು ನೋಡಿದಾಗ ನೀರಿನಂತೆ ತೆಳುವಾದ ಕೆಂಪು ದ್ರವ ಹೊರಬಂದಿತು. ಇಷ್ಟು ಬಲವಾದ ಯಂತ್ರಕ್ಕೆ ಇಷ್ಟು ತೆಳುವಾದ ಎಣ್ಣೆಯೆ, ಹಿಂದಿನ ಒಡೆಯರು ತಪ್ಪು ಮಾಡಿರಬೇಕು, ಎಂದು ಭಾವಿಸಿ ಅವರು ಹಿಂದಿನ ಅಚ್ಚಿನ ಗೇರುಗಳಿಗೆ ಹಾಕುವ ಮಂದವಾದ ಎಣ್ಣೆಯನ್ನು ತುಂಬಿದರು. ಅಂದಿನಿಂದ ಚಳಿಯ ಮುಂಜಾನೆಗಳಲ್ಲಿ ಎರಡನೆಯ ಗೇರು ಬೀಳದು. ಬಲವಂತಪಡಿಸಿದರೆ ಕರಕರನೆ ಕೆರೆಯುವ ಸದ್ದು. ‘ಇನ್ನೂ ಮಂದವಾದ ಎಣ್ಣೆಯನ್ನು ಹಾಕಬೇಕಿತ್ತೆ, ಸಾರ್?’ ಎಂಬುದು ಅವರ ಪ್ರಶ್ನೆ. ಪೆಟ್ಟಿಗೆ ಕೆಟ್ಟರೆ ಹಲವು ತಿಂಗಳ ಉಳಿತಾಯ ಅದಕ್ಕೇ ಹೋಗುವುದೆಂದು ಅವರಿಗೆ ಚಿಂತೆ.

ಪ್ರಶ್ನೆ ಚಿಕ್ಕದು, ಉತ್ತರಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕಾಗುತ್ತದೆ.

ಎಣ್ಣೆಯು ಎರಡು ಲೋಹಗಳನ್ನು ಹೇಗೆ ಬೇರೆಯಾಗಿ ಇರಿಸುತ್ತದೆಂಬುದು ಬಹಳ ಕಾಲ ಯಾರಿಗೂ ಸ್ಪಷ್ಟವಾಗಿರಲಿಲ್ಲ. ೧೮೮೩ರಲ್ಲಿ ಇಂಗ್ಲೆಂಡಿನ ಬೋಚಮ್ ಟವರ್ ಎಂಬ ಎಂಜಿನಿಯರು ರೈಲುಗಾಡಿಯ ಅಚ್ಚಿನ ಬೇರಿಂಗಿನ ಮೇಲೆ ಪ್ರಯೋಗ ನಡೆಸುತ್ತಿದ್ದರು. ಎಣ್ಣೆ ಹಾಕಲೆಂದು ಬೇರಿಂಗಿನ ಮೇಲ್ಭಾಗದಲ್ಲಿ ಒಂದು ರಂಧ್ರ ಕೊರೆದರೆ, ಅಚ್ಚು ತಿರುಗುವಾಗ ಎಣ್ಣೆಯು ಒಳಗೆ ಹೋಗುವುದರ ಬದಲು ಹೊರಕ್ಕೆ ಉಕ್ಕತೊಡಗಿತು. ಬಿರಡೆ ಹಾಕಿದರು, ಅದು ಮೇಲಕ್ಕೆ ಹಾರಿತು. ಮರದ ಬೆಣೆ ಹೊಡೆದರು, ಅದೂ ಹೊರಬಂದಿತು. ಕೊನೆಗೆ ಒತ್ತಡಮಾಪಕವನ್ನು ಜೋಡಿಸಿದಾಗ ಚದರ ಅಂಗುಲಕ್ಕೆ ೨೦೦ ಪೌಂಡಿಗೂ ಮಿಕ್ಕಿದ ಒತ್ತಡ ಕಂಡಿತು. ಬೇರಿಂಗಿನ ಮೇಲಿದ್ದ ಸರಾಸರಿ ಹೊರೆಯಾದರೋ ೧೦೦ ಪೌಂಡು ಮಾತ್ರ. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಕಿರಿದಾದ ಸಂದಿಗೆ ಎಳೆದುಕೊಂಡು, ಆ ಎಣ್ಣೆಯ ಒತ್ತಡದ ಮೇಲೆ ತೇಲುತ್ತಿತ್ತು! ಇದರ ಗಣಿತವನ್ನು ಮೂರು ವರ್ಷಗಳ ತರುವಾಯ ಆಸ್ಬರ್ನ್ ರೆನಾಲ್ಡ್ಸ್ ಅವರು ಬಿಡಿಸಿಕೊಟ್ಟರು.

ಗೇರುಗಳ ಹಲ್ಲುಗಳಲ್ಲಿ ಇನ್ನೂ ವಿಚಿತ್ರವಾದುದು ನಡೆಯುತ್ತದೆ. ಎರಡು ಹಲ್ಲುಗಳು ಸಂಧಿಸುವ ಸ್ಥಳ ಕೂದಲೆಳೆಯಂಥ ಕಿರುಪಟ್ಟಿ. ಎಂಜಿನಿನ ಬಲವೆಲ್ಲ ಅದರ ಮೂಲಕವೇ ಹಾಯಬೇಕಾದುದರಿಂದ ಅಲ್ಲಿಯ ಒತ್ತಡವು ವಾಯುಮಂಡಲದ ಒತ್ತಡಕ್ಕಿಂತ ಹತ್ತು ಸಾವಿರ ಪಾಲಿನಷ್ಟಕ್ಕೆ ಏರಬಲ್ಲದು. ಇಂಥ ಒತ್ತಡದಲ್ಲಿ ಎಣ್ಣೆಯು ಹಿಂಡಿಹೋಗಿ ಲೋಹಕ್ಕೆ ಲೋಹ ತಾಗುವುದೆಂದೇ ಯಾರಾದರೂ ಊಹಿಸಿಯಾರು. ವಾಸ್ತವವಾಗಿ ಹಾಗಾಗದು. ಒತ್ತಡ ಏರಿದಂತೆ ಎಣ್ಣೆಯ ಸ್ನಿಗ್ಧತೆಯೂ ಅಪಾರವಾಗಿ ಏರುತ್ತದೆ. ಸಂದಿಯಲ್ಲಿ ಸಿಕ್ಕ ಆ ಕ್ಷಣಮಾತ್ರ ಎಣ್ಣೆಯು ಹೆಚ್ಚುಕಡಮೆ ಘನವಸ್ತುವಿನಂತೆ ವರ್ತಿಸುತ್ತದೆ. ಉಕ್ಕೂ ತುಸು ಚಪ್ಪಟೆಯಾಗಿ ಎಣ್ಣೆಗೆ ಎಡೆಗೊಡುತ್ತದೆ. ಹೀಗೆ ಒಂದು ಮೈಕ್ರಾನಿಗಿಂತಲೂ ತೆಳುವಾದ, ಆದರೆ ಹರಿಯದ ಪೊರೆಯೊಂದು ಉಳಿಯುತ್ತದೆ.

ಈ ಪೊರೆಯ ದಪ್ಪವನ್ನು ಲೆಕ್ಕ ಹಾಕುವ ಸೂತ್ರವನ್ನು ಡೌಸನ್ ಮತ್ತು ಹಿಗಿನ್‌ಸನ್ ಎಂಬ ವಿಜ್ಞಾನಿಗಳು ೧೯೫೯ರ ಸುಮಾರಿಗೆ ರೂಪಿಸಿದರು. ನಮ್ಮ ಪ್ರಶ್ನೆಯ ಬೀಗದ ಕೈ ಇರುವುದು ಆ ಸೂತ್ರದಲ್ಲಿ. ಅದರ ಪ್ರಕಾರ, ವೇಗವನ್ನು ಬದಲಿಸದೆ ಹಲ್ಲಿನ ಮೇಲಿನ ಹೊರೆಯನ್ನು ಇಮ್ಮಡಿಗೊಳಿಸಿದರೆ ಪೊರೆಯ ದಪ್ಪ ಕಡಮೆಯಾಗುವುದು ನೂರಕ್ಕೆ ಒಂಬತ್ತು ಪಾಲಿನಷ್ಟು ಮಾತ್ರ. ಎಣ್ಣೆಯ ಸ್ನಿಗ್ಧತೆ ಅರ್ಧಕ್ಕಿಳಿದರಾದರೋ ಪೊರೆಯು ನೂರಕ್ಕೆ ಮೂವತ್ತೆಂಟು ಪಾಲು ತೆಳುವಾಗುತ್ತದೆ. ಅರ್ಥಾತ್, ಅಶ್ವಶಕ್ತಿಯು ತಾನಾಗಿ ಈ ಪೊರೆಯನ್ನು ಅಷ್ಟಾಗಿ ಹಿಂಡುವುದಿಲ್ಲ. ಹಿಂಡುವುದು ಅಶ್ವಶಕ್ತಿಯ ಬೆನ್ನಹಿಂದೆ ಬರುವ ಶಾಖ.

ಶಾಖ ಎಷ್ಟು? ಪೆಟ್ಟಿಗೆಯೊಳಗೆ ನಷ್ಟವಾಗುವ ಶಕ್ತಿಯನ್ನು ನೂರಕ್ಕೆ ಎರಡು ಪಾಲೆಂದು ಹಿಡಿಯೋಣ. ೩೧೦ ಅಶ್ವಶಕ್ತಿಯೆಂದರೆ ಸುಮಾರು ೨೩೦ ಕಿಲೋವಾಟು. ಅದರ ಎರಡು ಪಾಲು ನಾಲ್ಕೂವರೆ ಕಿಲೋವಾಟಿಗೂ ಸ್ವಲ್ಪ ಹೆಚ್ಚು. ಸ್ನಾನದ ನೀರು ಕಾಯಿಸುವ ಒಂದು ಕಿಲೋವಾಟಿನ ವಿದ್ಯುತ್ ಹೀಟರುಗಳು ನಾಲ್ಕನ್ನು ನಾಲ್ಕು ಲೀಟರು ಎಣ್ಣೆಯಲ್ಲಿ ಮುಳುಗಿಸಿಟ್ಟಂತೆ! ಶಾಖವೆಲ್ಲ ಎಣ್ಣೆಯಲ್ಲಿಯೇ ಉಳಿದರೆ ಒಂದೂವರೆ ಸೆಕೆಂಡಿಗೆ ಒಂದು ಡಿಗ್ರಿಯಂತೆ ಉಷ್ಣತೆ ಏರಬೇಕು. ಪೆಟ್ಟಿಗೆಯ ಲೋಹವೂ ಹೊರಗಿನ ಗಾಳಿಯೂ ಪಾಲು ತೆಗೆದುಕೊಳ್ಳುವುದರಿಂದ ಅಷ್ಟು ಬೇಗ ಏರುವುದಿಲ್ಲ. ಊರಿನ ರಸ್ತೆಗಳಲ್ಲಿ ಎಂಜಿನಿನ ಪೂರ್ಣಶಕ್ತಿಯನ್ನು ಕೆಲವು ಸೆಕೆಂಡುಗಳಿಗಿಂತ ಹೆಚ್ಚು ಬಳಸಲು ಸಾಧ್ಯವೂ ಇಲ್ಲ. ಪಂದ್ಯದ ಮೈದಾನದಲ್ಲಿ ಮಾತ್ರ ಕತೆ ಬೇರೆ. ನಾವು ಹೇಳಿದ ಕೆಂಪು ದ್ರವದಂಥ ಎಣ್ಣೆ ೮೦ ಡಿಗ್ರಿಯಿಂದ ೧೨೦ ಡಿಗ್ರಿ ಸೆಲ್ಸಿಯಸ್‌ಗೆ ಕಾದರೆ ಅದರ ಸ್ನಿಗ್ಧತೆ ಅರ್ಧಕ್ಕೂ ಕಡಮೆಯಾಗುತ್ತದೆ.

ಹಾಗಿದ್ದರೆ ಮಂದವಾದ ಎಣ್ಣೆಯೇ ಲೇಸಲ್ಲವೆ, ಎಂದು ವಾಚಕರು ಕೇಳಬಹುದು. ಗೇರುಪೆಟ್ಟಿಗೆಯಲ್ಲಿ ಹಲ್ಲುಗಳು ಮಾತ್ರ ಇದ್ದಿದ್ದರೆ ನಾವೂ ಹಾಗೆಯೇ ಹೇಳುತ್ತಿದ್ದೆವು. ಆದರೆ ಅಲ್ಲಿ ಘರ್ಷಣೆಯನ್ನೇ ನಂಬಿ ಕೆಲಸ ಮಾಡುವ ಅಂಗವೊಂದಿದೆ.

ಮೊದಲ ಕಾಲದ ಕಾರುಗಳಲ್ಲಿ ಗೇರು ಬದಲಿಸುವುದು ಒಂದು ವಿದ್ಯೆಯೇ ಆಗಿತ್ತು. ಬೇರೆ ಬೇರೆ ವೇಗದಲ್ಲಿ ತಿರುಗುವ ಭಾಗಗಳನ್ನು ಚಾಲಕನೇ ಎಂಜಿನಿನ ವೇಗವನ್ನು ಏರಿಸಿ ಇಳಿಸಿ ಹೊಂದಿಸಬೇಕಿತ್ತು. ತಪ್ಪಿದರೆ ಹಲ್ಲುಗಳು ಕಿರುಚುತ್ತಿದ್ದವು. ಅರ್ಲ್ ಥಾಂಪ್‌ಸನ್ ಎಂಬ ಅಮೆರಿಕನ್ನರು ಕಂಡುಹಿಡಿದ ಸಿಂಕ್ರೊಮೆಶ್ ಏರ್ಪಾಟು ೧೯೨೮ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ ಈ ಕಷ್ಟ ತಪ್ಪಿತು. ಇಂದಿನ ಪೆಟ್ಟಿಗೆಗಳಲ್ಲಿ ಒಂದೊಂದು ಗೇರಿನ ಪಕ್ಕದಲ್ಲಿಯೂ ಶಂಕುವಿನಾಕಾರದ ಒಂದು ಭಾಗ, ಅದರ ಮೇಲೆ ಕೂರುವ ಒಂದು ಹಿತ್ತಾಳೆಯ ಬಳೆ ಇರುತ್ತವೆ. ಮೆಕ್ಯಾನಿಕ್ಕುಗಳು ಇದನ್ನು ಸಿಂಕ್ರೊ ರಿಂಗ್ ಎನ್ನುತ್ತಾರೆ. ಸನ್ನೆಕೋಲನ್ನು ತಳ್ಳಿದಾಗ ಬಳೆಯು ಶಂಕುವನ್ನು ಒತ್ತಿ ಹಿಡಿದು, ಘರ್ಷಣೆಯಿಂದ ಎರಡರ ವೇಗವನ್ನೂ ಒಂದುಮಾಡುತ್ತದೆ; ಅನಂತರವೇ ಹಲ್ಲುಗಳಿಗೆ ದಾರಿ ಬಿಡುತ್ತದೆ. ಅದು ಹಿಡಿಯಬೇಕಾದರೆ ನಡುವೆ ಇರುವ ಎಣ್ಣೆಯ ಪೊರೆ ಹರಿಯಲೇಬೇಕು. ಬಳೆಯ ಒಳಮೈಯಲ್ಲಿ ಸ್ಕ್ರೂವಿನಂತೆ ಸಣ್ಣ ಗೀರುಗಳನ್ನು ಕೊರೆದಿರುವುದು ಎಣ್ಣೆಯನ್ನು ಕೆರೆದು ಹೊರಹಾಕುವುದಕ್ಕಾಗಿಯೇ.

ಇಲ್ಲಿಯೇ ಇಕ್ಕಟ್ಟು. ಒಂದೇ ಎಣ್ಣೆ, ಒಂದೇ ಪೆಟ್ಟಿಗೆ. ಹಲ್ಲುಗಳ ನಡುವೆ ಪೊರೆ ಹರಿಯಬಾರದು, ಬಳೆಯ ಅಡಿಯಲ್ಲಿ ಪೊರೆ ಉಳಿಯಬಾರದು.

ಅಶ್ವಶಕ್ತಿ ಹೆಚ್ಚಿದಂತೆ ಬಳೆಯ ಕೆಲಸ ಎಷ್ಟು ಕಠಿನವಾಗುತ್ತದೆಂಬುದನ್ನು ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ. ನಮ್ಮ ಕಮಾರೊ ಕಾರಿನ ಮೊದಲ ಗೇರಿನ ಅನುಪಾತ ೨.೬೬, ಎರಡನೆಯದರದು ೧.೭೮. ಎಂಜಿನು ನಿಮಿಷಕ್ಕೆ ೬೦೦೦ ಸುತ್ತು ತಿರುಗುತ್ತಿರುವಾಗ ಎರಡನೆಯ ಗೇರಿಗೆ ಹಾಕಿದರೆ, ಪೆಟ್ಟಿಗೆಯ ಮುಂದಿನ ದಂಡ ಕಣ್ಣೆವೆಯಿಕ್ಕುವಷ್ಟರಲ್ಲಿ ಸುಮಾರು ೪೦೦೦ ಸುತ್ತಿಗೆ ಇಳಿಯಬೇಕು. ಆ ದಂಡದ ತುದಿಗೆ ಕ್ಲಚ್ಚಿನ ತಟ್ಟೆಯೂ ಅಂಟಿಕೊಂಡಿರುತ್ತದೆ; ಬಲವಾದ ಎಂಜಿನಿನ ಕ್ಲಚ್ ತಟ್ಟೆ ದೊಡ್ಡದು, ಭಾರವಾದುದು. ತಿರುಗುವ ವಸ್ತುವಿನ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆಂಬುದನ್ನು ನೆನೆದರೆ, ಅಂಗೈಯಗಲದ ಆ ಬಳೆ ಹೊರುವ ಭಾರ ತಿಳಿದೀತು. ಬಲಿಷ್ಠ ಕಾರಿನಲ್ಲಿ ಮೊದಲು ಸೋಲುವುದು ಅನೇಕ ವೇಳೆ ಹಲ್ಲಲ್ಲ, ಬಳೆ.

ಇನ್ನು ಎಣ್ಣೆಯ ರಸಾಯನ. ೧೯೨೬ರಲ್ಲಿ ಪ್ಯಾಕರ್ಡ್ ಕಾರುಗಳ ಹಿಂದಿನ ಅಚ್ಚಿಗೆ ಹೈಪಾಯಿಡ್ ಎಂಬ ಹೊಸ ಬಗೆಯ ಗೇರುಗಳು ಬಂದವು. ಇವುಗಳಲ್ಲಿ ಹಲ್ಲುಗಳು ಒಂದರ ಮೇಲೊಂದು ಉರುಳುವುದಕ್ಕಿಂತ ಉದ್ದಕ್ಕೂ ಜಾರುವುದೇ ಹೆಚ್ಚು. ಜಾರಿಕೆಯ ಬಿಸಿಗೆ ಬರಿಯ ಎಣ್ಣೆಯ ಪೊರೆ ನಿಲ್ಲದು. ಆದುದರಿಂದ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸುತ್ತಾರೆ. ಉಕ್ಕಿಗೆ ಉಕ್ಕು ತಾಗಿ ಕಾದ ಎಡೆಯಲ್ಲಿ ಗಂಧಕವು ಕಬ್ಬಿಣದೊಡನೆ ಕೂಡಿ ತೆಳುವಾದೊಂದು ಪದರವನ್ನು ಕಟ್ಟುತ್ತದೆ. ಆ ಪದರ ಹರಿಯುತ್ತದೆ, ಮತ್ತೆ ಕಟ್ಟುತ್ತದೆ, ಉಕ್ಕು ಉಳಿಯುತ್ತದೆ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯಾದ ಎ.ಪಿ.ಐ.ಯ ವರ್ಗೀಕರಣದಲ್ಲಿ ಇಂಥ ಎಣ್ಣೆಗೆ ಜಿ.ಎಲ್.-೫ ಎಂದು ಹೆಸರು. ಜಿ.ಎಲ್.-೪ ಎಂಬುದರಲ್ಲಿ ಈ ಸಂಯುಕ್ತಗಳು ಸುಮಾರಾಗಿ ಅದರ ಅರ್ಧದಷ್ಟಿರುತ್ತವೆ.

ಐದು ನಾಲ್ಕಕ್ಕಿಂತ ದೊಡ್ಡದಾದುದರಿಂದ ಜಿ.ಎಲ್.-೫ ಮೇಲೆಂದು ಭಾವಿಸುವುದು ಬಲು ಸಾಮಾನ್ಯವಾದ ತಪ್ಪು. ದೇವರ ಮನೆಯ ಬೆಳ್ಳಿಯ ಕುಂಕುಮಭರಣಿ ದಿನ ಕಳೆದಂತೆ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಅಂಶದಿಂದ. ತಾಮ್ರಕ್ಕೂ ಗಂಧಕದೊಡನೆ ಇಂಥದೇ ಸಲಿಗೆ. ಹಿತ್ತಾಳೆಯಲ್ಲಿ ತಾಮ್ರವೇ ಹೆಚ್ಚು. ಉಕ್ಕನ್ನು ಕಾಯುವ ಗಂಧಕ ಕಾದ ಪೆಟ್ಟಿಗೆಯಲ್ಲಿ ಬಳೆಯನ್ನು ಮೆಲ್ಲಗೆ ತಿನ್ನಬಲ್ಲದು. ಈಚಿನ ರಸಾಯನಜ್ಞರು ತಾಮ್ರದ ತಂಟೆಗೆ ಹೋಗದ ಗಂಧಕದ ಸಂಯುಕ್ತಗಳನ್ನು ಬಳಸುವುದರಿಂದ ಈ ಭಯ ಮೊದಲಿನಷ್ಟಿಲ್ಲವೆಂಬುದನ್ನೂ ಹೇಳಬೇಕು. ಜಾರಿಕೆಯ ತೊಂದರೆಯಾದರೋ ಹಾಗೆಯೇ ಇದೆ: ಬಳೆಗೆ ಬೇಕಾದ ಹಿಡಿತವನ್ನು ಲಕ್ಷ್ಯದಲ್ಲಿಟ್ಟು ಹೈಪಾಯಿಡ್ ಎಣ್ಣೆಯನ್ನು ಯಾರೂ ತಯಾರಿಸಿರುವುದಿಲ್ಲ.

ಈಗ ಆ ಕೆಂಪು ದ್ರವದ ರಹಸ್ಯಕ್ಕೆ ಬರೋಣ. ಕಮಾರೊ ಕಾರಿನಲ್ಲಿದ್ದುದು ಟಿ-೫೬ ಎಂಬ ಹೆಸರಿನ ಪೆಟ್ಟಿಗೆ. ೧೯೯೨ರಲ್ಲಿ ೪೦೦ ಅಶ್ವಶಕ್ತಿಯ ಡಾಡ್ಜ್ ವೈಪರ್ ಕಾರಿಗೆ ಬೋರ್ಗ್-ವಾರ್ನರ್ ಕಂಪೆನಿ ಒದಗಿಸಿದ ಪೆಟ್ಟಿಗೆಯೂ ಇದೇ. ಇಂಥ ದೈತ್ಯನಿಗೆ ತಯಾರಕರು ಸೂಚಿಸಿದ್ದು ಡೆಕ್ಸ್‌ರಾನ್-೩ ಎಂಬ ದ್ರವ. ಅಂದರೆ ತಾನಾಗಿ ಗೇರು ಬದಲಿಸುವ ಆಟೋಮ್ಯಾಟಿಕ್ ಪೆಟ್ಟಿಗೆಗಳಿಗೆಂದು ಹುಟ್ಟಿದ ಎಣ್ಣೆ. ೧೦೦ ಡಿಗ್ರಿಯಲ್ಲಿ ಅದರ ಸ್ನಿಗ್ಧತೆ ಏಳು ಸೆಂಟಿಸ್ಟೋಕಿಗಿಂತ ಸ್ವಲ್ಪ ಹೆಚ್ಚು. ೯೦ರ ದರ್ಜೆಯ ಗೇರೆಣ್ಣೆಯದು ಕನಿಷ್ಠ ಹದಿಮೂರೂವರೆ. ಟಿ-೫೬ರ ಓರೆಹಲ್ಲಿನ ಗೇರುಗಳಲ್ಲಿ ಹೈಪಾಯಿಡ್ ಗೇರುಗಳಷ್ಟು ಜಾರಿಕೆಯಿಲ್ಲ; ಹಲ್ಲುಗಳನ್ನು ಹೊರೆಗೆ ತಕ್ಕಂತೆ ಅಗಲವಾಗಿ ಮಾಡಿದೆ. ಆದುದರಿಂದ ತೆಳುಪೊರೆ ಸಾಕು. ಅದರ ಬಳೆಗಳಲ್ಲಿ ಬರಿಯ ಹಿತ್ತಾಳೆಯ ಬದಲು ಕಾಗದದಂಥ ಅಥವಾ ಇಂಗಾಲದ ನಾರಿನ ಪದರವನ್ನು ಹಚ್ಚಿರುತ್ತಾರೆ. ಆಟೋಮ್ಯಾಟಿಕ್ ಪೆಟ್ಟಿಗೆಯ ಕ್ಲಚ್ ತಟ್ಟೆಗಳ ಮೇಲೆಯೂ ಇಂಥದೇ ಪದರ ಇರುವುದರಿಂದ, ಆ ಪದರ ಎಷ್ಟು ಹಿಡಿಯಬೇಕು, ಎಷ್ಟು ಜಾರಬೇಕು ಎಂಬುದಕ್ಕೆ ಹೊಂದಿಸಿಯೇ ಆ ದ್ರವವನ್ನು ತಯಾರಿಸಿದೆ.

ಚಳಿಯ ಪಾತ್ರವೂ ಸ್ಪಷ್ಟವಾಗುತ್ತದೆ. ಗೇರೆಣ್ಣೆಯ ಡಬ್ಬದ ಮೇಲೆ ೮೦ ಡಬ್ಲ್ಯು ಎಂದು ಬರೆದಿದ್ದರೆ, ಸೊನ್ನೆಗಿಂತ ೨೬ ಡಿಗ್ರಿ ಕೆಳಗೆ ಅದರ ಸ್ನಿಗ್ಧತೆ ಒಂದೂವರೆ ಲಕ್ಷ ಸೆಂಟಿಪಾಯಿಸ್ ಮೀರದು ಎಂದಷ್ಟೇ ಭರವಸೆ. ಅದು ಜೇನುತುಪ್ಪಕ್ಕಿಂತ ಎಷ್ಟೋ ಪಾಲು ಹೆಚ್ಚು. ಡೆಕ್ಸ್‌ರಾನ್-೩ಕ್ಕೆ ಸೊನ್ನೆಗಿಂತ ೪೦ ಡಿಗ್ರಿ ಕೆಳಗೂ ಇಪ್ಪತ್ತು ಸಾವಿರವೇ ಮಿತಿ. ಮಿಷಿಗನ್ನಿನ ಜನವರಿಯಲ್ಲಿ ನಮ್ಮ ತರುಣರ ಬಳೆಗಳು ಮಂದ ಎಣ್ಣೆಯನ್ನು ಸೀಳಿ ಶಂಕುವನ್ನು ಮುಟ್ಟಲಾರದೆ ಹೋದುದರಲ್ಲಿ ಆಶ್ಚರ್ಯವೇನು?

ಇದರಿಂದ ಎಲ್ಲ ಬಲಿಷ್ಠ ಕಾರುಗಳಿಗೂ ಕೆಂಪು ದ್ರವವೇ ಎಂದು ತಿಳಿಯಬಾರದು. ಅಮೆರಿಕದಲ್ಲಿ ೨೦೦೪ರಲ್ಲಿ ಮಾರಾಟವಾದ ೩೦೦ ಅಶ್ವಶಕ್ತಿಯ ಸುಬಾರು ಎಸ್.ಟಿ.ಐ. ಕಾರಿನಲ್ಲಿ ಮುಂದಿನ ಅಚ್ಚಿನ ಹೈಪಾಯಿಡ್ ಗೇರುಗಳೂ ಅದೇ ಪೆಟ್ಟಿಗೆಯಲ್ಲಿ ಅದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಅಲ್ಲಿ ತಯಾರಕರು ಹೇಳುವುದು ೭೫ ಡಬ್ಲ್ಯು-೯೦ರ ಜಿ.ಎಲ್.-೫ ಎಣ್ಣೆಯನ್ನೇ; ಅದಕ್ಕೆ ತಕ್ಕಂತೆಯೇ ಬಳೆಗಳೂ ಇರುತ್ತವೆ. ಹೀಗೆ ಹೆಚ್ಚುಕಡಮೆ ಸಮಾನ ಬಲದ ಎರಡು ಕಾರುಗಳಿಗೆ ಎರಡು ತೀರ ಭಿನ್ನವಾದ ಎಣ್ಣೆಗಳು. ಎಣ್ಣೆಯನ್ನು ನಿರ್ಧರಿಸುವುದು ಪೆಟ್ಟಿಗೆಯೊಳಗಿರುವ ಗೇರುಗಳ ಬಗೆ, ಬಳೆಯ ಪದರ ಇವೇ ಹೊರತು ಅಶ್ವಶಕ್ತಿಯಲ್ಲ. ಅವೆರಡನ್ನೂ ಬಲ್ಲವನು ತಯಾರಕ. ಅವನ ಕೈಪಿಡಿಗಿಂತ ಅಂಗಡಿಯವನ ಸಲಹೆಗೆ ಹೆಚ್ಚು ಬೆಲೆ ಕೊಡಲು ನಮಗೆ ಕಾರಣ ಕಾಣದು.

ಕಾರನ್ನು ಪಂದ್ಯಕ್ಕೆ ಬಿಡುವವರು ಏನು ಮಾಡಬೇಕು? ಶಾಖವೇ ಶತ್ರುವಾದುದರಿಂದ ಶಾಖವನ್ನೇ ಇಳಿಸಬೇಕು. ಎಣ್ಣೆಯನ್ನು ಹೊರಗೆ ಹಾಯಿಸಿ ತಣಿಸುವ ಸಣ್ಣ ರೇಡಿಯೇಟರನ್ನು ಜೋಡಿಸಬಹುದು. ಅದೇ ದರ್ಜೆಯಲ್ಲಿ, ಉಷ್ಣತೆಯೊಡನೆ ಸ್ನಿಗ್ಧತೆ ಕಡಮೆ ಬದಲಾಗುವ ಕೃತಕ ಎಣ್ಣೆಯನ್ನು ಆರಿಸಬಹುದು. ಬೇಗ ಬೇಗ ಎಣ್ಣೆ ಬದಲಿಸಬಹುದು. ಇನ್ನೊಂದು ಎಚ್ಚರಿಕೆ. ೨೦೦೬ರ ಕೊನೆಗೆ ಜನರಲ್ ಮೋಟಾರ್ಸ್ ಕಂಪೆನಿ ಡೆಕ್ಸ್‌ರಾನ್-೩ಕ್ಕೆ ಪರವಾನಗಿ ಕೊಡುವುದನ್ನು ನಿಲ್ಲಿಸಿತು. ಅದರ ಸ್ಥಾನಕ್ಕೆ ಬಂದ ಡೆಕ್ಸ್‌ರಾನ್-೬ ಹೊಸತಾಗಿದ್ದಾಗ ಇನ್ನೂ ತೆಳು. ೧೦೦ ಡಿಗ್ರಿಯಲ್ಲಿ ಆರು ಸೆಂಟಿಸ್ಟೋಕಿನ ಆಸುಪಾಸು. ಆಟೋಮ್ಯಾಟಿಕ್ ಪೆಟ್ಟಿಗೆಗೆ ಅದು ಮೇಲಾದರೂ, ಹಳೆಯ ದ್ರವವನ್ನು ನಂಬಿ ಮಾಡಿದ ಕೈಗೇರಿನ ಪೆಟ್ಟಿಗೆಗೆ ತಾನಾಗಿ ಮೇಲೆಂದು ಹೇಳಲಾಗದು.

ನಮ್ಮ ತರುಣರಿಗೆ ಇಷ್ಟನ್ನೂ ಬರೆದು, ಮಂದ ಎಣ್ಣೆಯನ್ನು ಬಸಿದು ಡೆಕ್ಸ್‌ರಾನ್-೩ರ ಗುಣವುಳ್ಳ ದ್ರವವನ್ನೇ ಮತ್ತೆ ತುಂಬಲು ತಿಳಿಸಿದೆವು. ಎರಡು ವಾರಗಳ ಮೇಲೆ ಉತ್ತರ ಬಂದಿತು. ಮುಂಜಾನೆಯ ಚಳಿಯಲ್ಲಿಯೂ ಗೇರುಗಳು ಸಲೀಸಾಗಿ ಬೀಳುತ್ತಿವೆಯಂತೆ. ಎರಡನೆಯದು ಮಾತ್ರ, ಎಂಜಿನನ್ನು ಜೋರಾಗಿ ಓಡಿಸಿ ಅವಸರದಿಂದ ಹಾಕಿದರೆ, ಈಗಲೂ ಒಮ್ಮೊಮ್ಮೆ ಕೆರೆಯುತ್ತದೆಯೆಂದು ಬರೆದಿದ್ದಾರೆ. ಆ ಗೇರಿನ ಬಳೆಯ ಪದರ ಅಷ್ಟರಲ್ಲಿಯೇ ಸವೆದಿರಬೇಕು.