ಮುಂಗಾರಿನ ಫೀಸು, ಹಿಂಗಾರಿನ ಹಣ



ಕಳೆದ ಶ್ರಾವಣದ ಒಂದು ಬೆಳಗು. ನಾವು ಪೂಜೆ ಮುಗಿಸಿ ಪಡಸಾಲೆಗೆ ಬರುವ ಹೊತ್ತಿಗೆ, ಸುರಪುರದಾಚೆಯ ಕಾಲುವೆ ಸೀಮೆಯ ಹಳ್ಳಿಯೊಂದರಿಂದ ರೈತ ಬಂಧುಗಳೊಬ್ಬರು ಮಗಳನ್ನು ಕರೆದುಕೊಂಡು ಬಂದು ಕುಳಿತಿದ್ದರು. ಮಗಳಿಗೆ ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದಲು ಸರಕಾರಿ ಕೋಟಾದ ಸೀಟು ದೊರೆತಿತ್ತು. ಸಂತೋಷದ ಸುದ್ದಿ ಹೇಳಲು ಬಂದವರ ಮುಖದಲ್ಲಿ ಸಂತೋಷವಿರಲಿಲ್ಲ.

“ಫೀಸು, ಹಾಸ್ಟೆಲ್, ಊಟ, ಪುಸ್ತಕ ಎಲ್ಲಾ ಸೇರಿ ಈಗೇ ಒಂದು ಲಕ್ಷ ಬೇಕಂತಾರ್ರೀ ಅಜ್ಜಾರ. ರೊಕ್ಕೆಲ್ಲಾ ಹೊಲದಾಗ ಅದ. ಅಡತಿ ಸಾವ್ಕಾರ ಮೂರರಂಗ ಕೊಡ್ತೀನಂದಾನ. ತಗೋಬೇಕೋ ಬ್ಯಾಡೋ ತಿಳಿವಲ್ದು” ಎಂದರು.

ಅಲ್ಲಿಯವರೆಗೆ ತಲೆ ತಗ್ಗಿಸಿ ಕುಳಿತಿದ್ದ ಹುಡುಗಿ ಮೆಲ್ಲನೆ ಕೇಳಿದಳು: “ಆ ಸಾಲ ಯಾರು ತೀರಿಸ್ಬೇಕ್ರೀ ಅಜ್ಜಾರ, ನಾನಾ, ಅಪ್ಪನಾ?”

ನಮಗೆ ಆ ಪ್ರಶ್ನೆ ಬಹಳ ಹಿಡಿಸಿತು. ಮಕ್ಕಳ ಓದಿಗೆಂದು ಸಾಲ ಮಾಡುವ ಎಷ್ಟು ಮನೆಗಳಲ್ಲಿ ಆ ಸಾಲದ ಲೆಕ್ಕವನ್ನು ಓದುವ ಮಗುವಿನ ಮುಂದಿಟ್ಟು ಮಾತನಾಡುತ್ತಾರೆ? “ಅವನಿಗೇಕೆ ಚಿಂತೆ, ಅವನು ಓದಲಿ” ಎಂದು ತಂದೆತಾಯಿಗಳು ಮುಚ್ಚಿಡುತ್ತಾರೆ. ಅದು ವಾತ್ಸಲ್ಯವೇ ಸರಿ. ಆದರೆ ಮುಚ್ಚಿಟ್ಟ ಲೆಕ್ಕವು ಎರಡನೆಯ ವರ್ಷದ ಹೊತ್ತಿಗೆ ತಾನಾಗಿಯೇ ಹೊರಬೀಳುತ್ತದೆ. ಆಗ ಮಗು ಓದು ಬಿಟ್ಟು ಮನೆಗೆ ಬರುವ ಪ್ರಸಂಗವೂ ಒದಗುತ್ತದೆ. ನಾವು ಅಂಥವರನ್ನು ಕಂಡಿದ್ದೇವೆ.

ಯಾದಗಿರಿ, ಶಹಾಪುರ, ಸುರಪುರಗಳ ಈ ನೆಲದ ಒಕ್ಕಲುತನಕ್ಕೆ ತನ್ನದೇ ಆದ ಪಂಚಾಂಗವುಂಟು. ಹತ್ತಿ ಮನೆಗೆ ಬರುವುದು ಕಾರ್ತಿಕ, ಮಾರ್ಗಶಿರಗಳಲ್ಲಿ. ತೊಗರಿ ಪುಷ್ಯ, ಮಾಘಗಳಲ್ಲಿ. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಯ ನೀರು ಹರಿಯುವ ಕಡೆ ಭತ್ತದ ಮೊದಲ ಬೆಳೆ ದೀಪಾವಳಿಯ ತರುವಾಯ ಕೈಸೇರುತ್ತದೆ. ನೀರು ಬಿಟ್ಟ ವರ್ಷ ಬೇಸಿಗೆಯಲ್ಲಿ ಇನ್ನೊಂದು. ಕಾಲೇಜಿನ ಪಂಚಾಂಗವೇ ಬೇರೆ. ಅದಕ್ಕೆ ಹಣ ಬೇಕಾಗುವುದು ಆಷಾಢ, ಶ್ರಾವಣ, ಭಾದ್ರಪದಗಳಲ್ಲಿ. ಆಗ ಒಕ್ಕಲಿಗನ ಹಣವೆಲ್ಲ ಬೀಜವಾಗಿ, ಗೊಬ್ಬರವಾಗಿ, ಕಳೆ ತೆಗೆಯುವ ಕೂಲಿಯಾಗಿ ಮಣ್ಣಿನಲ್ಲಿರುತ್ತದೆ. ನಮ್ಮ ಅನೇಕ ಮನೆಗಳ ತೊಡಕು ಬಡತನದ್ದಕ್ಕಿಂತ ಹೆಚ್ಚಾಗಿ ಈ ಎರಡು ಪಂಚಾಂಗಗಳ ನಡುವಿನ ಐದಾರು ತಿಂಗಳಿನದು. ಆ ಅಂತರದಲ್ಲಿಯೇ ಅಡತಿ ಅಂಗಡಿಯ ಬಾಗಿಲು ತೆರೆದಿರುವುದು.

‘ಮೂರರಂಗ’ ಎಂದರೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ. ಕೇಳಲು ಮೂರೇ ರೂಪಾಯಿ, ವರ್ಷಕ್ಕೆ ಮೂವತ್ತಾರು. 1 ಲಕ್ಷಕ್ಕೆ ತಿಂಗಳಿಗೆ 3,000 ರೂಪಾಯಿ. ಮೇಲಾಗಿ ಬೆಳೆಯನ್ನು ಅದೇ ಅಂಗಡಿಗೆ ಹಾಕಬೇಕೆಂಬ ಬಾಯಿಮಾತಿನ ಕರಾರು ಬೇರೆ. ಧಾರಣೆ ಏರುವವರೆಗೆ ಕಾಯುವ ಸ್ವಾತಂತ್ರ್ಯವನ್ನೂ ರೈತನು ಸಾಲದೊಡನೆ ಒತ್ತೆಯಿಟ್ಟಂತೆಯೇ. ನಾವು ಯಾವ ಸಾಹುಕಾರರನ್ನೂ ದೂಷಿಸುತ್ತಿಲ್ಲ. ಮಧ್ಯರಾತ್ರಿ ದವಾಖಾನೆಗೆ ಹೋಗಬೇಕಾದಾಗ ಹಣ ಕೊಟ್ಟವರೂ ಅವರೇ. ಆದರೆ ನಾಲ್ಕು ವರ್ಷದ ಓದನ್ನು ಆ ಬಡ್ಡಿಯ ಮೇಲೆ ನಿಲ್ಲಿಸಬಾರದು.

ಅಂದು ನಾವು ಹುಡುಗಿಯ ಕೈಗೆ ಕಾಗದ ಪೆನ್ನು ಕೊಟ್ಟು ಲೆಕ್ಕ ಮಾಡಲು ಹೇಳಿದೆವು. ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ ಸಾಲ ತೆಗೆದು, ಓದು ಮುಗಿದು ಒಂದು ವರ್ಷದವರೆಗೆ ಏನನ್ನೂ ತೀರಿಸಲಾಗಲಿಲ್ಲವೆಂದು ಹಿಡಿಯೋಣ. ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು. ಮೂರು ರೂಪಾಯಿಯ ದರದಲ್ಲಿ, ಚಕ್ರಬಡ್ಡಿಯನ್ನು ಬಿಟ್ಟರೂ, ಬಡ್ಡಿಯೊಂದೇ 5,04,000 ರೂಪಾಯಿ. ಅದೇ 4 ಲಕ್ಷವನ್ನು ಬ್ಯಾಂಕಿನಿಂದ ವರ್ಷಕ್ಕೆ ನೂರಕ್ಕೆ ಹತ್ತರ ದರದಲ್ಲಿ ತಂದರೆ ಬಡ್ಡಿ 1,40,000. ಹುಡುಗಿ ಎರಡು ಸಲ ಕೂಡಿಸಿ ನೋಡಿ ಕಾಗದವನ್ನು ತಂದೆಯ ಕಡೆಗೆ ಸರಿಸಿದಳು. ತಂದೆಗೆ ಓದಲು ಬಾರದು. ಅಂಕಿಗಳು ಮಾತ್ರ ಚೆನ್ನಾಗಿ ಗೊತ್ತು.

ಬ್ಯಾಂಕಿನ ಶಿಕ್ಷಣ ಸಾಲವೆಂದರೆ ಹೊಲ ಒತ್ತೆಯಿಡಬೇಕೆಂಬ ಭಯ ನಮ್ಮ ಕಡೆ ಇನ್ನೂ ಹೋಗಿಲ್ಲ. ಬ್ಯಾಂಕುಗಳು 2001ರಿಂದ ಅನುಸರಿಸುತ್ತ ಬಂದಿರುವ ಮಾದರಿ ಯೋಜನೆಯಂತೆ 4 ಲಕ್ಷದವರೆಗಿನ ಸಾಲಕ್ಕೆ ಆಸ್ತಿಯ ಅಡಮಾನ ಬೇಡ. ತಂದೆ ಅಥವಾ ತಾಯಿ ಜೊತೆಸಾಲಗಾರರಾಗಿ ಸಹಿ ಹಾಕಬೇಕು. 2015ರಲ್ಲಿ ಬಂದ ಕೇಂದ್ರದ ಖಾತರಿ ನಿಧಿಯಿಂದಾಗಿ ಏಳೂವರೆ ಲಕ್ಷದವರೆಗೂ ಅಡಮಾನವಿಲ್ಲದೆ ಕೊಡಲು ಬ್ಯಾಂಕುಗಳಿಗೆ ದಾರಿಯಾಯಿತು. ಓದುವ ಕಾಲ ಮತ್ತು ಮುಂದಿನ ಒಂದು ವರ್ಷ ಕಂತು ಇರುವುದಿಲ್ಲ. ಆ ಅವಧಿಯಲ್ಲಿಯೂ ಬಡ್ಡಿ ಮಾತ್ರ ಬೆಳೆಯುತ್ತಿರುತ್ತದೆಂಬುದನ್ನು ಮರೆಯಬಾರದು. ಮೇಲಿನ ಲೆಕ್ಕದಂತೆ 5,40,000ಕ್ಕೆ ಮುಟ್ಟಿದ ಸಾಲವನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 7,100 ರೂಪಾಯಿಯ ಕಂತು. ಓದುವಾಗಲೇ ಬಡ್ಡಿ ಕಟ್ಟುತ್ತ ಬಂದಿದ್ದರೆ ಸುಮಾರು 5,300.

ಇನ್ನೊಂದು ಸಂಗತಿ ಬಹಳ ಜನರಿಗೆ ತಿಳಿದೇ ಇಲ್ಲ. ಮನೆಯ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷ ಮೀರದಿದ್ದರೆ, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತಾಂತ್ರಿಕ ಅಥವಾ ವೃತ್ತಿ ಶಿಕ್ಷಣ ಪಡೆಯುವವರ ಆ ಕಾಲದ ಬಡ್ಡಿಯನ್ನು ಕೇಂದ್ರ ಸರಕಾರವೇ ತುಂಬುವ ಯೋಜನೆ 2009ರಿಂದ ಇದೆ. ದೊರೆತರೆ ಆ 1,40,000ವೂ ಉಳಿಯಿತು. ಆದರೆ ತಾನಾಗಿ ಬರುವುದಿಲ್ಲ. ಆದಾಯ ಪ್ರಮಾಣಪತ್ರವನ್ನು ಬ್ಯಾಂಕಿಗೆ ಕೊಟ್ಟು, ಬಡ್ಡಿ ಸಹಾಯಧನಕ್ಕೆ ತನ್ನ ಹೆಸರು ಸೇರಿತೇ ಎಂದು ವಿದ್ಯಾರ್ಥಿಯೇ ಕೇಳಬೇಕು. ನಡುವೆ ಓದು ಬಿಟ್ಟರೆ ಆ ಸೌಲಭ್ಯ ಹೋಗುತ್ತದೆ. 2024ರ ನವೆಂಬರಿನಲ್ಲಿ ಕೇಂದ್ರವು ಒಪ್ಪಿದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಜಾಮೀನುದಾರರೂ ಬೇಡ, ಆದರೆ ಅದು ಆಯ್ದ ಸಂಸ್ಥೆಗಳಿಗೆ ಮಾತ್ರ. ತಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡುವುದು ಲೇಸು. ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮದ ‘ಬಸವ ಬೆಳಗು’ ಶಿಕ್ಷಣ ಸಾಲವನ್ನೂ ವಿಚಾರಿಸಬಹುದು. ಬ್ಯಾಂಕ್ ಯಾವುದಾದರೂ ಆದೀತು. ನಮ್ಮ ಜನ ಇಂದಿಗೂ ‘ಕೃಷ್ಣಾ ಬ್ಯಾಂಕ್’ ಎನ್ನುವ ಶಾಖೆ 2013ರಲ್ಲಿ ಪ್ರಗತಿ ಕೃಷ್ಣಾ ಆಗಿ, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಹೆಸರು ಎರಡು ಸಲ ಬದಲಾದರೂ ಜನರ ಬಾಯಲ್ಲಿ ಹಳೆಯದೇ ಉಳಿದಿದೆ.

ಹಣ ದೊರೆಯುವುದೊಂದು ಕಷ್ಟ, ದೊರೆತದ್ದನ್ನು ವರ್ಷಪೂರ್ತಿ ಬಾಳಿಸುವುದು ಇನ್ನೊಂದು. ಇಲ್ಲಿ ನಮ್ಮದೇ ತಪ್ಪೊಂದನ್ನು ಹೇಳಬೇಕು. ನಾವು ಓದಿದ್ದು ಮಠದ ಅನ್ನದಿಂದ. ಈ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಉನ್ನತ ಶಿಕ್ಷಣವೆಂದರೆ ದೂರದ ಹೈದರಾಬಾದೇ. 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿತು, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬಂದಿತು. ಕಾಲೇಜು ಬಂದರೂ ಹಳ್ಳಿಯ ಹುಡುಗನಿಗೆ ಎರಡು ಹೊತ್ತಿನ ಊಟ ದೊರೆತದ್ದು ಮಠಗಳ ಉಚಿತ ಪ್ರಸಾದ ನಿಲಯಗಳಿಂದ. 1906ರಲ್ಲಿ ಲಿಂಗೈಕ್ಯರಾದ ಶಿರಸಂಗಿಯ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯಾರ್ಥಿಗಳಿಗೆ ಬಿಟ್ಟುಹೋದರು. ಅಂಥ ದಾಸೋಹದ ಮಡಿಲಲ್ಲಿ ಬೆಳೆದವರು ನಾವು.

ನಮಗೆ ಹತ್ತೊಂಬತ್ತು ವರ್ಷ ತುಂಬಿದಾಗ ಗುರುಗಳು ವರ್ಷದ ಮೇಲುಖರ್ಚಿಗೆಂದು ಒಮ್ಮೆಗೇ 300 ರೂಪಾಯಿ ಕೊಟ್ಟರು. ಅಷ್ಟು ಹಣವನ್ನು ಒಟ್ಟಿಗೆ ಹಿಡಿದದ್ದು ಅದೇ ಮೊದಲು. ಆ ವಾರವೇ ಪುಸ್ತಕದಂಗಡಿಗೆ ಹೋದೆವು. ಬೇಕಾದ ನಾಲ್ಕರ ಜೊತೆಗೆ ಬೇಡವಾದ ಹನ್ನೊಂದು ಕೊಂಡೆವು. ಗೆಳೆಯರಿಗೆ ಎರಡು ಸಲ ಖಾನಾವಳಿಯ ಊಟ. ಪರೀಕ್ಷೆಯ ಶುಲ್ಕ ಕಟ್ಟುವ ದಿನ ಕೈಯಲ್ಲಿ ನಾಲ್ಕು ರೂಪಾಯಿ ಇತ್ತು. ಖಾನಾವಳಿ ನಡೆಸುತ್ತಿದ್ದ ತಾಯಿ ತಮ್ಮ ಸೆರಗಿನ ಗಂಟು ಬಿಚ್ಚಿ ಕೊಡದಿದ್ದರೆ ಆ ವರ್ಷ ವ್ಯರ್ಥವಾಗುತ್ತಿತ್ತು. ಗುರುಗಳಿಗೆ ತಿಳಿಯಿತು, ಬೈಯಲಿಲ್ಲ. ಮರುವರ್ಷ ಅದೇ 300 ರೂಪಾಯಿಗಳನ್ನು ಹತ್ತು ಲಕೋಟೆಗಳಲ್ಲಿಟ್ಟು, ಒಂದೊಂದರ ಮೇಲೆ ತಿಂಗಳ ಹೆಸರು ಬರೆದು, ಪ್ರತಿ ತಿಂಗಳ ಮೊದಲ ಸೋಮವಾರ ಒಂದನ್ನು ಕೊಟ್ಟರು. ಹಿಂದಿನ ತಿಂಗಳಿನ ಲೆಕ್ಕದ ಹಾಳೆ ತೋರಿಸದೆ ಮುಂದಿನ ಲಕೋಟೆಯಿಲ್ಲ.

ಇಂದು ಲಕೋಟೆಯ ಕಾಲವಲ್ಲ. ಮೊಬೈಲಿನಲ್ಲಿ ಬೆರಳು ಒತ್ತಿದರೆ ಹಣ ಹೋಗುತ್ತದೆ. ಜೇಬು ಹಗುರಾದದ್ದು ತಿಳಿಯುವುದಿಲ್ಲ. ನಮ್ಮ ಮಕ್ಕಳ ತಿಂಗಳ ಹಣ ಕರಗುವುದು ದೊಡ್ಡ ವೆಚ್ಚಗಳಿಂದಲ್ಲ, ಇಪ್ಪತ್ತು ಮೂವತ್ತು ರೂಪಾಯಿಗಳ ಚಹಾ, ತಿಂಡಿ, ಆಟೋ, ರೀಚಾರ್ಜುಗಳಿಂದ. ಆದ್ದರಿಂದ ತಂದೆಯು ಮೂರು ತಿಂಗಳಿನದನ್ನು ಒಟ್ಟಿಗೆ ಕಳಿಸದೆ ತಿಂಗಳು ತಿಂಗಳು ಕಳಿಸಲಿ. ಮಗು ಪ್ರತಿ ಭಾನುವಾರ ಮೊಬೈಲಿನಲ್ಲಿರುವ ವಾರದ ಪಾವತಿಗಳನ್ನು ಒಂದು ನೋಟುಪುಸ್ತಕಕ್ಕೆ ಕೈಯಿಂದ ಇಳಿಸಲಿ. ಕೈಯಿಂದ ಬರೆಯುವಾಗ ನಾಚಿಕೆ ಬರುತ್ತದೆ. ಆ ನಾಚಿಕೆ ಒಳ್ಳೆಯದು.

ಸುರಪುರದಿಂದ ತಿಂಥಣಿಯ ಸೇತುವೆಯಲ್ಲಿ ಕೃಷ್ಣೆಯನ್ನು ದಾಟಿದರೆ ಲಿಂಗಸುಗೂರಿನ ಸೀಮೆ. ಅಲ್ಲಿಯ ಅಮರೇಶ್ವರವು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಶರಣ ದಂಪತಿಗಳ ಊರು. ದಿನಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಮಾರಯ್ಯನು ಆಯ್ದು ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಹಾಕಿ ಬನ್ನಿರೆಂದು ಲಕ್ಕಮ್ಮ ಹಿಂದಕ್ಕೆ ಕಳಿಸಿದ ಕಥೆ ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ಬ್ಯಾಂಕು 4 ಲಕ್ಷ ಕೊಡುತ್ತೇನೆಂದರೆ ನಾಲ್ಕನ್ನೂ ತರಬೇಕೆಂದಿಲ್ಲ. ಮೂರರಲ್ಲಿ ಆಗುವುದಾದರೆ ಮೂರೇ ಸಾಕು. ಹೊಸ ಮೊಬೈಲು, ಮೋಟಾರು ಸೈಕಲ್ಲು ಶಿಕ್ಷಣ ಸಾಲದೊಳಗೆ ನುಸುಳುವ ಸಮಯದಲ್ಲಿ ಮನೆಯಲ್ಲೊಬ್ಬ ಲಕ್ಕಮ್ಮ ಇರಬೇಕು.

ವಿದ್ಯಾರ್ಥಿವೇತನದ ವಿಷಯವನ್ನು ಚಿಕ್ಕದಾಗಿ ಹೇಳುತ್ತೇವೆ. ಅರ್ಜಿ ರಾಜ್ಯ ವಿದ್ಯಾರ್ಥಿವೇತನದ ಜಾಲತಾಣದಲ್ಲಿ. ಜಾತಿ, ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆ ಬೇಕು. ರೈತರ ಮಕ್ಕಳಿಗೆಂದು 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಗೆ ತಂದೆಯ ಜಮೀನು ನೋಂದಾಯಿಸಿದ ಫ್ರೂಟ್ಸ್ ಸಂಖ್ಯೆ ಮುಖ್ಯ. ಹಾಸ್ಟೆಲ್ ಸಿಗದವರು ವಿದ್ಯಾಸಿರಿಯನ್ನು ವಿಚಾರಿಸಲಿ. ಸಹಾಯಕ ಆಯುಕ್ತರ ಕಚೇರಿಯಿಂದ 371-ಜೆ ಪ್ರಮಾಣಪತ್ರವನ್ನು ದ್ವಿತೀಯ ಪಿಯುಸಿಯ ವರ್ಷವೇ ಪಡೆದಿಡಬೇಕು. 2013ರಿಂದ ನಮ್ಮ ಭಾಗದ ಕಾಲೇಜುಗಳಲ್ಲಿ ನೂರಕ್ಕೆ ಎಪ್ಪತ್ತು ಸೀಟುಗಳು ಈ ನೆಲದ ಮಕ್ಕಳಿಗೆ ಮೀಸಲಾಗಿರುವುದು ಅದರ ಬಲದಿಂದ. ಸರಕಾರಿ ಸೀಟಿಗೂ ಆಡಳಿತ ಮಂಡಳಿಯ ಸೀಟಿಗೂ ಇರುವ ಫೀಸಿನ ಅಂತರ ಯಾವ ವಿದ್ಯಾರ್ಥಿವೇತನಕ್ಕಿಂತಲೂ ದೊಡ್ಡದು. ಮತ್ತೊಂದು ಮಾತು: ಸರಕಾರದ ಹಣ ಬೀಳುವುದು ಆಧಾರಿಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ಹಣ ಬಂದಿಲ್ಲವೆಂದು ವರ್ಷವಿಡೀ ಅಲೆದ ಹುಡುಗನೊಬ್ಬನ ಹಣ, ಎಂದೋ ತೆರೆದು ಮರೆತ ಇನ್ನೊಂದು ಖಾತೆಯಲ್ಲಿ ಬಿದ್ದಿದ್ದುದನ್ನು ನಾವೇ ಕಂಡಿದ್ದೇವೆ.

2011ರ ಜನಗಣತಿಯಲ್ಲಿ ನಮ್ಮ ಯಾದಗಿರಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ ಸುಮಾರು 52, ಹೆಣ್ಣುಮಕ್ಕಳಲ್ಲಿ ಸುಮಾರು 41. ನಾಡಿನಲ್ಲೇ ಕೊನೆಯ ಸ್ಥಾನ. ಇದೇ ಜಿಲ್ಲೆಯಲ್ಲಿ ಮಗಳ ಮದುವೆಗೆ ಐದು ಲಕ್ಷ ಸಾಲ ಮಾಡುವಾಗ ಯಾರೂ ಬಡ್ಡಿಯ ದರ ಕೇಳುವುದಿಲ್ಲ. ಅವಳ ಕಾಲೇಜಿಗೆ ಐವತ್ತು ಸಾವಿರವೆಂದರೆ ಬಂಧುಬಳಗವೆಲ್ಲ ಸೇರಿ ಆಲೋಚನೆ ಮಾಡುತ್ತದೆ. ಇದನ್ನು ಬರೆಯಲು ನಮಗೆ ಸಂಕೋಚವಿಲ್ಲ. 2023ರ ಜೂನಿನಿಂದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೇಟಿನ ಹಣವಿಲ್ಲವೆಂದಾದ ಮೇಲೆ, ಮನೆಯಿಂದಲೇ ಯಾದಗಿರಿಗೋ ಶಹಾಪುರಕ್ಕೋ ಹೋಗಿ ಡಿಗ್ರಿ ಓದುವ ಮಗಳ ವೆಚ್ಚ ಎಷ್ಟು ಇಳಿದಿದೆಯೆಂದು ಒಮ್ಮೆ ಲೆಕ್ಕ ಹಾಕಿ ನೋಡಿ.

ಅಂದು ಹುಡುಗಿ ಕೇಳಿದ ಪ್ರಶ್ನೆಗೆ ನಾವು ಕೊಟ್ಟ ಉತ್ತರ: “ಇಬ್ಬರೂ, ತಾಯಿ. ಕಾಗದದ ಮೇಲೆ ಇಬ್ಬರ ಸಹಿಯೂ ಇರುತ್ತದೆ.” ಅವರು ಅಡತಿ ಅಂಗಡಿಗೆ ಹೋಗಲಿಲ್ಲ. ಪ್ರವೇಶದ ಹಣಕ್ಕೆ ಬೀಗರೊಬ್ಬರಿಂದ ಬಡ್ಡಿಯಿಲ್ಲದ ಕೈಗಡ ತಂದರು. ಬ್ಯಾಂಕಿಗೆ ನಾಲ್ಕು ಸಲ ಅಲೆದರು. ಸಾಲ ಮಂಜೂರಾಗಲು ಆರು ವಾರ ಹಿಡಿಯಿತು. ಹೊರಡುವ ಮುನ್ನ ನಾವು ತಂದೆಗೆ ಇನ್ನೊಂದು ಮಾತು ಹೇಳಿದ್ದೆವು: ಮುಂದಿನ ಶ್ರಾವಣದ ಫೀಸನ್ನು ಮುಂದಿನ ಶ್ರಾವಣದಲ್ಲಿ ಹುಡುಕಬೇಡಿ. ತೊಗರಿ ಮಾರಿದ ದಿನವೇ ಒಂದು ಪಾಲನ್ನು ಆಷಾಢದಲ್ಲಿ ಕೈಗೆ ಬರುವಂತೆ ಬ್ಯಾಂಕಿನಲ್ಲಿ ಠೇವಣಿಯಿಡಿ.

ಮಾಘ ಮಾಸದಲ್ಲಿ ತಂದೆ ಮಗಳು ಮತ್ತೆ ಬಂದರು. ಹುಡುಗಿಯ ನೋಟುಪುಸ್ತಕ ಅರ್ಧ ತುಂಬಿತ್ತು. ಒಂದೆಡೆ ಗೆಳತಿಯ ಹುಟ್ಟುಹಬ್ಬಕ್ಕೆ 350 ರೂಪಾಯಿ ಎಂದು ಬರೆದು, ಕೆಳಗೆ ಸಣ್ಣ ಅಕ್ಷರಗಳಲ್ಲಿ “ಜಾಸ್ತಿ ಆಯ್ತು” ಎಂದು ತಾನೇ ಬರೆದುಕೊಂಡಿದ್ದಳು. ತಂದೆ ಅಂಗಿಯ ಒಳಜೇಬಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಠೇವಣಿ ರಸೀದಿಯನ್ನು ತೆಗೆದು ನಮ್ಮ ಮುಂದೆ ಹಿಡಿದರು.

“ಇದು ಬರೋ ವರ್ಷದ ಹಾಸ್ಟೆಲಿಂದು ಅದ ನೋಡ್ರೀ ಅಜ್ಜಾರ” ಎಂದರು. ದಿನಾಂಕ ಸರಿಯಾಗಿದೆಯೇ ಎಂದು ಮಗಳಿಂದ ಓದಿಸಿ ನೋಡಿದೆವು. ಆಷಾಢದ್ದೇ ಇತ್ತು.