ಮದ್ಯವ್ಯಸನದಿಂದ ಬಿಡುಗಡೆ: ನೆರವಿನ ಗುಂಪಿನ ಸಭೆಗಳ ಕುರಿತು ಸಾರ್ವಜನಿಕರಿಗೆ ಮಾಹಿತಿ

ಮದ್ಯವ್ಯಸನವು ಚಿಕಿತ್ಸೆಗೆ ಒಳಪಡುವ ಕಾಯಿಲೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನೂ ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯಲ್ಲಿ ಸೇರಿಸಿದೆ. ಆಸ್ಪತ್ರೆಯಲ್ಲಿ ದೇಹ ಚೇತರಿಸಿಕೊಂಡರೂ, ಮನೆಗೆ ಮರಳಿದ ಮೇಲೆ ಹಳೆಯ ಗೆಳೆಯರ ಒತ್ತಾಯ, ಸಂಬಳದ ದಿನ, ಮದುವೆ-ಜಾತ್ರೆಗಳ ಸಂದರ್ಭ ಮತ್ತೆ ಕುಡಿತದತ್ತ ಸೆಳೆಯುವುದುಂಟು. ಇಂತಹ ಅವಧಿಯಲ್ಲಿ ಅದೇ ಕಷ್ಟವನ್ನು ಅನುಭವಿಸಿ ಹೊರಬಂದವರ ನೆರವಿನ ಗುಂಪುಗಳು ಆಸರೆಯಾಗುತ್ತವೆ. ಅವುಗಳನ್ನು ಹುಡುಕಿ ಭಾಗವಹಿಸುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಗಮನಿಸಬೇಕಾದ ಎಚ್ಚರಿಕೆ

ದೀರ್ಘಕಾಲದಿಂದ ಪ್ರತಿದಿನ ಹೆಚ್ಚು ಪ್ರಮಾಣದಲ್ಲಿ ಕುಡಿಯುತ್ತಿರುವವರು ವೈದ್ಯರ ಸಲಹೆಯಿಲ್ಲದೆ ಒಮ್ಮೆಲೇ ಕುಡಿತ ನಿಲ್ಲಿಸಬಾರದು. ನಿಲ್ಲಿಸಿದ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ದಿನಗಳೊಳಗೆ ತೀವ್ರ ನಡುಕ, ಜ್ವರ, ದಿಕ್ಕುತೋಚದ ಸ್ಥಿತಿ, ಇಲ್ಲದ್ದು ಕಾಣಿಸುವುದು ಮುಂತಾದ ಲಕ್ಷಣಗಳು ಉಂಟಾಗಬಹುದು. ಇವು ಪ್ರಾಣಾಪಾಯಕಾರಿ. ಇಂತಹ ಲಕ್ಷಣ ಕಂಡುಬಂದಲ್ಲಿ 108 ಆಂಬುಲೆನ್ಸ್ ಸೇವೆಗೆ ಕರೆ ಮಾಡತಕ್ಕದ್ದು. ಸಭೆಗಳು ವೈದ್ಯಕೀಯ ಚಿಕಿತ್ಸೆಗೆ ಬದಲಿಯಲ್ಲ. ಎರಡನ್ನೂ ಜೊತೆಯಾಗಿ ಪಡೆಯುವುದು ಸೂಕ್ತ.

ನೆರವಿನ ಗುಂಪು ಎಂದರೇನು?

ಇವು ಉಳಿತಾಯ ಮತ್ತು ಸಾಲದ ಸ್ವಸಹಾಯ ಸಂಘಗಳಲ್ಲ. ಕುಡಿತ ಬಿಟ್ಟವರು ಹಾಗೂ ಬಿಡಬಯಸುವವರು ನಿಗದಿತ ದಿನ ಸೇರಿ ಅನುಭವ ಹಂಚಿಕೊಳ್ಳುವ ಕೂಟಗಳು. ಇವುಗಳಲ್ಲಿ ಹೆಚ್ಚು ಪರಿಚಿತವಾದುದು ಆಲ್ಕೊಹಾಲಿಕ್ಸ್ ಅನಾನಿಮಸ್ (ಎ.ಎ.). 1935ರಲ್ಲಿ ಅಮೆರಿಕದ ಅಕ್ರನ್ ನಗರದಲ್ಲಿ ಆರಂಭವಾದ ಈ ಬಳಗವು 1957ರಲ್ಲಿ ಭಾರತಕ್ಕೆ ಬಂದಿತು. ಕುಡಿತ ನಿಲ್ಲಿಸಬೇಕೆಂಬ ಇಚ್ಛೆಯೊಂದೇ ಇದರ ಸದಸ್ಯತ್ವಕ್ಕೆ ಬೇಕಾದ ಅರ್ಹತೆ. ಪ್ರವೇಶ ಶುಲ್ಕವಾಗಲಿ ವಂತಿಗೆಯಾಗಲಿ ಇಲ್ಲ. ಸದಸ್ಯರು ಸ್ವಇಚ್ಛೆಯಿಂದ ನೀಡುವ ಹಣದಿಂದ ಖರ್ಚು ನಡೆಯುತ್ತದೆ. 2020ರಲ್ಲಿ ಪ್ರಕಟವಾದ ಕಾಕ್ರೇನ್ ಪರಾಮರ್ಶೆಯು 27 ಅಧ್ಯಯನಗಳನ್ನು ಪರಿಶೀಲಿಸಿ, ಸಂಪೂರ್ಣ ಮದ್ಯತ್ಯಾಗಕ್ಕೆ ಎ.ಎ. ಮತ್ತು ಹನ್ನೆರಡು ಹೆಜ್ಜೆಗಳ ಕ್ರಮವು ಇತರ ಆಪ್ತಸಮಾಲೋಚನಾ ವಿಧಾನಗಳಷ್ಟೇ ಅಥವಾ ಅವುಗಳಿಗಿಂತ ಹೆಚ್ಚು ಉಪಯುಕ್ತವೆಂದು ಕಂಡುಕೊಂಡಿದೆ.

ಸಭೆಯ ಸ್ಥಳವನ್ನು ತಿಳಿಯುವ ಬಗೆ

1. ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಉಚಿತವಾಗಿ ಕರೆ ಮಾಡಬಹುದು. ಮನಸ್ಸಿನ ತಳಮಳಕ್ಕೆ ಟೆಲಿ-ಮಾನಸ್ 14416 ದಿನದ 24 ಗಂಟೆಯೂ ಲಭ್ಯ.
2. ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ವಿಚಾರಿಸಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ. ಧಾರವಾಡದ ಡಿಮ್ಹಾನ್ಸ್‌ನಲ್ಲಿಯೂ ಮನೋವೈದ್ಯಕೀಯ ಚಿಕಿತ್ಸೆ ದೊರೆಯುತ್ತದೆ.
3. ಎ.ಎ. ಬಳಗದ ಅಂತರ್ಜಾಲ ತಾಣದಲ್ಲಿ ಊರುವಾರು ವಿವರ ದೊರೆಯುತ್ತದೆ. ಹೊರಡುವ ಮುನ್ನ ದಿನ, ಸಮಯ ಹಾಗೂ ಭಾಷೆಯನ್ನು ದೂರವಾಣಿಯಲ್ಲಿ ಖಚಿತಪಡಿಸಿಕೊಳ್ಳಿ.
4. ಸಮೀಪದಲ್ಲಿ ಸಭೆ ಇಲ್ಲದವರು ಆನ್‌ಲೈನ್ ಸಭೆಗಳಲ್ಲಿ ಭಾಗವಹಿಸಬಹುದು.

ಸಭೆಯಲ್ಲಿ ನಡೆಯುವುದೇನು?

ಸಭೆಯು ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗಂಟೆ ನಡೆಯುತ್ತದೆ. ಮುಚ್ಚಿದ ಸಭೆಗೆ ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ ಪ್ರವೇಶ. ತೆರೆದ ಸಭೆಗೆ ಕುಟುಂಬದವರೂ ಬರಬಹುದು. ಮೊದಲ ದಿನ ಮಾತನಾಡಲೇಬೇಕೆಂಬ ನಿಯಮವಿಲ್ಲ, ಕೇಳುತ್ತಾ ಕುಳಿತಿದ್ದರೂ ಸಾಕು. ಪೂರ್ಣ ಹೆಸರು, ಜಾತಿ, ಉದ್ಯೋಗ ಹೇಳಬೇಕಾಗಿಲ್ಲ. ಶಾಲೆ ಅಥವಾ ಚರ್ಚಿನ ಕೊಠಡಿಯಲ್ಲಿ ಸಭೆ ನಡೆದರೂ ಎ.ಎ. ಯಾವುದೇ ಧರ್ಮ, ಪಕ್ಷ ಅಥವಾ ಸಂಸ್ಥೆಗೆ ಸೇರಿದುದಲ್ಲ. ಒಂದು ಗುಂಪು ಹೊಂದಿಕೆಯಾಗದಿದ್ದಲ್ಲಿ ಬೇರೊಂದಕ್ಕೆ ಹೋಗಿ ನೋಡಬಹುದು. ನಡುವೆ ಮತ್ತೆ ಕುಡಿದವರೂ ನಾಚಿಕೆಪಡದೆ ಮರಳಿ ಬರಬಹುದು.

ಗುಂಪಿನ ಗೌಪ್ಯತೆಯು ಸದಸ್ಯರು ಪಾಲಿಸಿಕೊಂಡು ಬಂದ ಸಂಪ್ರದಾಯ. ಆಸ್ಪತ್ರೆಯ ಚಿಕಿತ್ಸಾ ವಿವರಗಳ ಗೌಪ್ಯತೆಯಾದರೋ 2017ರ ಕಾಯ್ದೆಯ 23ನೇ ಪ್ರಕರಣದಡಿ ರೋಗಿಯ ಹಕ್ಕು. ರಜೆ ಮುಂತಾದ ಉದ್ದೇಶಕ್ಕೆ ಪ್ರಮಾಣಪತ್ರ ಬೇಕಾದವರು ಅದನ್ನು ಚಿಕಿತ್ಸೆ ನೀಡುವ ವೈದ್ಯರಿಂದ ಪಡೆಯತಕ್ಕದ್ದು, ಗುಂಪಿನಿಂದ ನಿರೀಕ್ಷಿಸುವಂತಿಲ್ಲ.

ಕುಟುಂಬದವರ ಗಮನಕ್ಕೆ

ಕುಡಿಯುವವರು ಸಭೆಗೆ ಬರಲೊಪ್ಪದಿದ್ದರೂ ಮನೆಯವರು ನೆರವು ಪಡೆಯಬಹುದು. ಕುಟುಂಬದವರು ಮತ್ತು ಸ್ನೇಹಿತರಿಗಾಗಿ ಅಲ್-ಅನಾನ್, ಹದಿಹರೆಯದ ಮಕ್ಕಳಿಗಾಗಿ ಅಲಟೀನ್ ಗುಂಪುಗಳಿವೆ.

ಕುಡಿತ ಬಿಡಿಸುವ ಪುಡಿ ಅಥವಾ ಮಾತ್ರೆಯನ್ನು ವ್ಯಕ್ತಿಗೆ ತಿಳಿಯದಂತೆ ಊಟ, ಕಾಫಿಯಲ್ಲಿ ಬೆರೆಸಿ ಕೊಡಬಾರದು. ಡೈಸಲ್ಫಿರಾಮ್ ಎಂಬ ಔಷಧವು ದೇಹದಲ್ಲಿರುವಾಗ ಮದ್ಯ ಸೇವಿಸಿದರೆ ರಕ್ತದೊತ್ತಡ ಕುಸಿದು ಸಾವು ಸಂಭವಿಸಬಹುದು. ಅದನ್ನು ರೋಗಿಯ ಒಪ್ಪಿಗೆಯೊಂದಿಗೆ, ವೈದ್ಯರ ನಿಗಾವಣೆಯಲ್ಲಿ ಮಾತ್ರ ನೀಡಬೇಕು.

ಒಳರೋಗಿಯಾಗಿ ಸೇರಿಸುವ ಮುನ್ನ ಆ ಕೇಂದ್ರವು 2017ರ ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂಬುದನ್ನು ಪರಿಶೀಲಿಸಿ. ಹೊಡೆಯುವುದು, ಸರಪಳಿಯಲ್ಲಿ ಕಟ್ಟುವುದು ಚಿಕಿತ್ಸೆಯಲ್ಲ; ಕಾಯ್ದೆಯು ಅವನ್ನು ನಿಷೇಧಿಸಿದೆ.

ಸಾರ್ವಜನಿಕರು ಈ ಸೌಲಭ್ಯಗಳ ಪ್ರಯೋಜನ ಪಡೆಯಬೇಕೆಂದು ಹಾಗೂ ಅಗತ್ಯವಿರುವ ನೆರೆಹೊರೆಯವರಿಗೂ ಮಾಹಿತಿಯನ್ನು ತಲುಪಿಸಬೇಕೆಂದು ಕೋರಲಾಗಿದೆ.